ಪಾತರಗಿತ್ತಿ ನಮ್ಮನಿದ

ಅಕ್ಕಾರ, ಕಂಪೌಂಡಿನ ಹಂತ್ಯಾಕ ಒಂದೀಟು ಬರ್ರಿ. ನಿಮ್ಮ ಅಡಗಿಮನಿ ಕಿಟಕಿಯಿಂದ ಪಾತರಗಿತ್ತಿ ನಮ್ಮನಿಗೆ ಬರ್ತಾವ ಅಂತ ಮೊನ್ನೆ ಒದರಿದ್ದೆನಲ್ಲ, ಆ ಮಾತು ವಾಪಸ್ ತಗೊಂಡೆ. ಅವು ನಮ್ಮವ.

ಇಳಕಲ್ಲಿನ ತಂಗಿ ಸಂಕ್ರಾಂತಿಗೆ ಸಜ್ಜಿಹಿಟ್ಟು ಕಳಿಸಿದ್ಲು. ರೊಟ್ಟಿಗೆ ಬಳಸಿ ಉಳಿದದ್ದನ್ನ ಮ್ಯಾಲಿನ ಫಳಿ ಮ್ಯಾಲೆ ಇಟ್ಟು ಮರ್ತಬಿಟ್ಟಿದ್ದೆ. ನಿನ್ನೆ ಮುಚ್ಚಳ ತೆಗದ್ರ ಹಿಟ್ಟೆಲ್ಲ ಎಳಿ ಎಳಿ, ಗಂಟು ಗಂಟು. ಫೋನ್ ಮಾಡಿದ್ರ ಆಕಿ ನಕ್ಕಳು: "ನಮ್ಮೂರಾಗ ಮಂದಿ ಸೀರಿ ನೇಯ್ತಾರ, ನಿನ್ನ ಡಬ್ಬ್ಯಾಗ ಹುಳ ನೇಯ್ತಾವ!"

ನಮ್ಮನಿಯವರು ದಿನಾ ಸಂಜಿಗೆ ಚಪ್ಪಲಿ ಹಿಡದು ಗ್ವಾಡಿ ಗ್ವಾಡಿ ಬಡೀತಿದ್ರು. ವ್ಯರ್ಥ. ಹಾರೂದಕ್ಕ ನಮ್ಮ ಕಾಳು-ಹಿಟ್ಟು ಬೇಕಿಲ್ಲ, ಅದರ ಕೆಲಸ ತತ್ತಿ ಇಡೂದಷ್ಟ. ತಿನ್ನೂದು ಮರಿಹುಳ. ತಿಂದು ಬೆಳೆದಮ್ಯಾಲೆ ಡಬ್ಬಿ ಬಿಟ್ಟು ಹೊರಗ ನಡೀತದ. ಮುಚ್ಚಳದ ಅಂಚು, ಛತ್ತಿನ ಮೂಲಿ, ಕ್ಯಾಲೆಂಡರಿನ ಹಿಂಭಾಗ, ಎಲ್ಲೆಂದರಲ್ಲಿ ಗೂಡು ಕಟ್ಟತದ. ಮ್ಯಾಲೆ ಗೂಡು ಕಂಡ್ರ ಕೆಳಗಿನ ಡಬ್ಬಿ ಹುಡುಕ್ರಿ.

ಇದರಾಗ ಒಂದು ಜಾತಿಗೆ 'ಇಂಡಿಯನ್ ಮೀಲ್ ಮಾತ್' ಅಂತ ಹೆಸರು. ನಮ್ಮ ದೇಶದ ತಪ್ಪಲ್ಲ ಮತ್ತ! ಅಮೆರಿಕದವರು ಮೆಕ್ಕಿಜೋಳದ ಹಿಟ್ಟಿಗೆ 'ಇಂಡಿಯನ್ ಮೀಲ್' ಅಂತಿದ್ರು. ಅಲ್ಲಿಯ ಏಸಾ ಫಿಚ್ ಎಂಬಾತ 1856ರಾಗ ಆ ಹೆಸರಿಟ್ಟ. ಇನ್ನೊಂದು ಅಕ್ಕಿ ಪತಂಗ. ಅದನ್ನ ಪ್ರಯೋಗಾಲಯದಾಗ ಜೋಳದ ನುಚ್ಚು ಹಾಕಿ ಸಾಕ್ತಾರ, ಕಬ್ಬಿನ ಸುಳಿಕೊರಕದ ತತ್ತಿ ಕೊಲ್ಲೂ ಟ್ರೈಕೋಗ್ರಾಮಾ ಕಣಜಕ್ಕ ಇದರ ತತ್ತಿ ಬೇಕು. ನಾವು ಬಯ್ಯೂದು, ಅವರು ಸಾಕೂದು! ಮೂರನೇದ್ದು ಭಾಳ ಕಳ್ಳ. ಹುನಗುಂದದ ಎರಿ ಹೊಲದಾಗ ತೆನಿ ನಿಂತಾಗ ತತ್ತಿ ಇಟ್ಟು, ಕಾಳಿನ ಹೊಟ್ಯಾಗ ಕುಂತು ನಮ್ಮ ಜೋಳದ ಚೀಲದಾಗ ಮನಿಗೆ ಬರ್ತದ.

ನಮ್ಮತ್ತಿ ಕಾಲಕ್ಕ ಹಳೇ ಮನ್ಯಾಗ ನೆಲ ತೋಡಿ ಮಾಡಿದ ಕಾಳಿನ ಹಗೇವು ಇತ್ತು. ಮುಚ್ಚಿದ ಹಗೇವಿನ್ಯಾಗ ಕಾಳ ಉಸಿರಾಡಿ ಗಾಳಿ ಖರ್ಚಾಗಿ ಹುಳ ಸಾಯ್ತಿತ್ತು. ಮನಷಾನೂ ಸಾಯ್ತಿದ್ದ, ಅದಕ್ಕ ಮೊದಲ ದೀಪ ಇಳಿಸ್ತಿದ್ರು, ಆರಿದ್ರ ಯಾರೂ ಇಳೀತಿರಲಿಲ್ಲ. ಆ ಮನಿ ಆಲಮಟ್ಟಿ ಹಿನ್ನೀರಿನ್ಯಾಗ ಹೋತು. ಈ ನವನಗರದ ಸೆಕ್ಟರಿನ್ಯಾಗ ಹಗೇವು ಎಲ್ಲಿ ತೋಡೂದು?

ಅದಕ್ಕ ಹಿಟ್ಟು ಎಸದೆ, ಫಳಿ ಸಂದಿ ಬ್ರಷ್ ಹಾಕಿ ತಿಕ್ಕಿದೆ, ಮುಚ್ಚಳ ಬಿಸಿನೀರಿಗೆ ಹಾಕಿದೆ. ರವಾ, ಕಡ್ಲಿಹಿಟ್ಟು ಐದು ದಿನ ಫ್ರೀಜರಿನ್ಯಾಗ, ತತ್ತಿಯೂ ಸಾಯ್ತಾವ. ಸೀರಿ ಟ್ರಂಕಿನ ಡಾಂಬರಗುಳಿಗಿ ಡಬ್ಬ್ಯಾಗ ಹಾಕಲೇನು ಅಂತ ಸೊಸಿ ಕೇಳಿದ್ಲು. ಬ್ಯಾಡವ್ವ, ವಿಷ. ಜೋಳದ ಚೀಲಕ್ಕ ಹಾಕೂ ಗುಳಿಗಿಯಂತೂ ಮನಿಯೊಳಗ ತರಲೇಬ್ಯಾಡ್ರಿ, ಅದರ ಗ್ಯಾಸು ಮಲಗಿದ ಮಂದೀನ ಹಂಗ ಮಲಗಿಸಿಬಿಡ್ತದ.

ಉಳಿದದ್ದು ಎರಡು ಚೀಲ ಜೋಳ, ಬಿಸಿಲಿಗೆ ಹಾಕಬೇಕು. ನಮ್ಮ ಮಾಳಿಗಿ ಮ್ಯಾಲೆ ಹತ್ತು ಗಂಟೆಗೆ ನೆರಳು. ನಾಳೆ ನಿಮ್ಮ ಮಾಳಿಗಿ ಕೊಡ್ರಿ, ಕರಿ ತಾಡಪತ್ರಿ ನಾನ ತರ್ತೀನಿ. ಅಲ್ಲಿಂದ ನಿಮ್ಮನಿಗೆ ಒಂದು ಪಾತರಗಿತ್ತಿ ಇಳಿದ್ರೂ, ಬೈಯೂ ಸರದಿ ನಿಮ್ದು.