ದಲ್ಲಾಳಿ-ಪ್ರಮಾಣ-ವಿಚಾರ: ಯಲವಿಗಿ ಶಾಖೆಗೊಂದು ಕಿರುಭಾಷ್ಯ

ಜ್ಞಾನಸಾಧನಗಳಾದ ಪ್ರಮಾಣಗಳು ಎಷ್ಟೆಂಬ ವಿಷಯದಲ್ಲಿ ಚಾರ್ವಾಕರು ಒಂದೆಂದೂ ನೈಯಾಯಿಕರು ನಾಲ್ಕೆಂದೂ ಭಾಟ್ಟ ಮೀಮಾಂಸಕರು ಆರೆಂದೂ ವಾದಿಸಿ ಶತಮಾನಗಳನ್ನೇ ಕಳೆದರಾದರೂ, ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುದಾರಿಯ ಮೇಲಿರುವ, ಸವಣೂರು ತಾಲ್ಲೂಕಿನ ಯಲವಿಗಿಯಲ್ಲಿ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಹೊಲ-ಪ್ಲಾಟುಗಳ ವ್ಯವಹಾರ ಕುದುರಿಸುವ ಏಜೆಂಟರೆಂಬ ವಿದ್ವತ್ಸಮೂಹವು ಆ ಆರನ್ನೂ ಒಂದು ಕಪ್ಪು ಚಹ ಆರುವುದರೊಳಗೆ ಪ್ರಯೋಗಿಸಬಲ್ಲದೆಂಬ ಸಂಗತಿ ಯಾವ ದರ್ಶನಗ್ರಂಥದಲ್ಲಿಯೂ ದಾಖಲಾಗದೆ ಹೋದದ್ದು ಶೋಚನೀಯವೇ ಸರಿ. ಸವಣೂರು ಶಾಖೆ, ಲಕ್ಷ್ಮೇಶ್ವರ ಶಾಖೆ ಎಂಬ ಪಾಠಾಂತರಗಳೂ ಉಂಟು. ಕಮಿಷನ್ನಿನ ದರದಲ್ಲಲ್ಲದೆ ಸಿದ್ಧಾಂತದಲ್ಲಿ ಭೇದ ಕಾಣದ್ದರಿಂದ ಅವನ್ನು ಇಲ್ಲಿ ಕೈಬಿಡಲಾಗಿದೆ.

ಪ್ರತ್ಯಕ್ಷಪ್ರಮಾಣಕ್ಕೆ ಆಧಾರವೆಂದರೆ, ಸರ್ಕಾರವು ಪಹಣಿಯೆಂದೂ ಈ ಸೀಮೆಯವರು ಉತಾರವೆಂದೂ ಕರೆಯುವ, ‘ಭೂಮಿ’ ಯೋಜನೆಯ ದೆಸೆಯಿಂದ ತಲಾಠಿಯ ಹಸ್ತಾಕ್ಷರದ ದುರ್ಗಮತೆಯನ್ನು ಕಳೆದುಕೊಂಡು ಗಣಕಯಂತ್ರದಿಂದ ಹೊರಬೀಳುವ ಕಾಗದ. ಇದರ ಝೆರಾಕ್ಸ್ ಪ್ರತಿಯನ್ನು ಏಜೆಂಟರು ಗಿರಾಕಿಯ ಮುಂದೆ ಹರಡುವ ಕ್ರಮ ಅವಲೋಕನಾರ್ಹವಾದುದು. ಬಲಗೈಯ ತೋರುಬೆರಳು ಸ್ವಾಧೀನದಾರರ ಹೆಸರಿರುವ 9ನೆಯ ಕಾಲಮ್ಮಿನ ಮೇಲೆ ನಿಲ್ಲುತ್ತದೆ. ಎಡಗೈಯ ಹೆಬ್ಬೆರಳು, ಗಾಳಿಗೆ ಕಾಗದ ಹಾರದಿರಲೆಂಬ ನೆವದಿಂದ, ಇತರ ಹಕ್ಕುಗಳನ್ನೂ ಋಣಗಳನ್ನೂ ನಮೂದಿಸುವ 11ನೆಯ ಕಾಲಮ್ಮಿನ ಮೇಲೆ ಊರಿಕೊಳ್ಳುತ್ತದೆ. ಸೊಸೈಟಿಯ ಬೆಳೆಸಾಲದ ಬೋಜಾ ಆಗಲಿ, ಕೋರ್ಟಿನ ತಡೆಯಾಜ್ಞೆಯಾಗಲಿ ಆ ಹೆಬ್ಬೆರಳಿನ ಅಡಿಯಲ್ಲಿಯೇ ವಾಸವಾಗಿರುವುದು. ಇಂದ್ರಿಯಕ್ಕೂ ವಿಷಯಕ್ಕೂ ನಡುವೆ ಗೋಡೆಯೋ ಪರದೆಯೋ ಅಡ್ಡಬರಬಹುದೆಂದು ಚಿಂತಿಸಿದ್ದ ನೈಯಾಯಿಕರು ಹೆಬ್ಬೆರಳನ್ನು ಊಹಿಸಿರಲಾರರು.

ಅನುಮಾನಕ್ಕೆ ಇಲ್ಲಿ ಹೇತುವು ರೈಲು. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಹೊಸ ಮಾರ್ಗವೊಂದರ ಪ್ರಸ್ತಾಪವಿರುವುದು ನಿಜ. ಪ್ರಸ್ತಾಪದಿಂದ ಜಂಕ್ಷನ್ನನ್ನೂ, ಜಂಕ್ಷನ್ನಿನಿಂದ ಲಾಡ್ಜು-ಗೋದಾಮುಗಳನ್ನೂ, ಅವುಗಳಿಂದ ಪ್ಲಾಟಿನ ದುಪ್ಪಟ್ಟು ದರವನ್ನೂ ಊಹಿಸುವ ಈ ತರ್ಕಸರಣಿಯಲ್ಲಿ ಹೊಗೆಯನ್ನೂ ಕಾಣದೆ ಬೆಂಕಿಗೆ ಕೈಕಾಸಿಕೊಳ್ಳುವ ಧೈರ್ಯವುಂಟು. ಆದರೆ ರೈಲು ಹೊಲದ ಮಗ್ಗುಲಲ್ಲಿ ಹೋಗುವುದೋ ಹೊಲದೊಳಗೇ ಹೋಗುವುದೋ ಎಂಬ ವಿಕಲ್ಪಕ್ಕೆ ಶಾಖೆಯಲ್ಲಿ ಉತ್ತರವಿಲ್ಲ. ಎರಡನೆಯದಾದರೆ, 2013ರ ಭೂಸ್ವಾಧೀನ ಕಾಯ್ದೆಯ 11ನೆಯ ಪ್ರಕರಣದ ಮೇರೆಗೆ ಪ್ರಾಥಮಿಕ ಅಧಿಸೂಚನೆ ಹೊರಟ ಜಮೀನನ್ನು ಜಿಲ್ಲಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಮಾರುವಂತೆಯೂ ಇಲ್ಲ, ಕೊಳ್ಳುವಂತೆಯೂ ಇಲ್ಲ.

ಉಪಮಾನವನ್ನು ಒಂದೇ ಉದಾಹರಣೆಯಿಂದ ಮುಗಿಸಬಹುದು: “ಎನ್ಎ ಆದ್ಹಂಗs ಐತ್ರಿ.” 1964ರ ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣವು ಕೃಷಿಭೂಮಿಯ ಕೃಷಿಯೇತರ (ಎನ್ಎ) ಪರಿವರ್ತನೆಗೆ ಅನುಮತಿಯುಂಟೇ ಎಂದು ಕೇಳುತ್ತದೆ, ಆ ಅನುಮತಿಯ ಸುಳಿವೂ ಇಲ್ಲದ ಈ ‘ಆದಂತೆ’ ಎಂಬ ಅವಸ್ಥೆ ಶಾಖೆಯವರ ಸ್ವತಂತ್ರ ಆವಿಷ್ಕಾರ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಇಲ್ಲಿ ಆಪ್ತರೆಂದರೆ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕಂಡವರೆಲ್ಲರೂ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಪ್ರಕರಣಗಳನ್ನು 2020ರಲ್ಲಿ ತೆಗೆದುಹಾಕಿ, ಕೃಷಿಕನಲ್ಲದವನೂ ಹೊಲ ಕೊಳ್ಳಬಹುದೆಂದು ಆದ ಮೇಲೆ ಈ ಆಪ್ತವಾಕ್ಯವು “ಈಗ ಕಾಯ್ದೇನs ಇಲ್ರಿ ಅಣ್ಣಾರ” ಎಂಬ ಅದ್ವೈತಸ್ಥಿತಿಯನ್ನು ಮುಟ್ಟಿತು. ಹಿಡುವಳಿಯ ಗರಿಷ್ಠ ಮಿತಿ ಉಳಿದಿರುವುದಾಗಲಿ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಲಾಗದೆಂಬ 1978ರ ಕಾಯ್ದೆ ಜೀವಂತವಿರುವುದಾಗಲಿ ಆ ದರ್ಶನದಲ್ಲಿ ಮಾಯೆ. ಏಜೆಂಟರೇ ನೋಂದಣಿ ಮಾಡಿಸಿಕೊಳ್ಳತಕ್ಕದ್ದೆಂದು ವಿಧಿಸುವ 2016ರ ರೇರಾ ಕಾಯ್ದೆಯ ಕುರಿತು ಪ್ರಶ್ನಿಸಿದರೆ, “ಅದು ಬೆಂಗಳೂರಿಗೆ ಬಂದೈತ್ರಿ, ಇಲ್ಲೀಮಟಾ ಬಂದಿಲ್ಲ” ಎಂಬ ಉತ್ತರ ದೊರೆಯುವುದು. ಕಾಯ್ದೆಯನ್ನು ಯಲವಿಗಿಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಗಾಡಿಯೆಂದು ತಿಳಿದ ಈ ಮಾತು ಹಾಸ್ಯಾಸ್ಪದವೆನ್ನುವಷ್ಟರಲ್ಲಿ, ರೇರಾದಡಿ ಯೋಜನೆಯ ಕಡ್ಡಾಯ ನೋಂದಣಿಯು ಯೋಜನಾ ಪ್ರದೇಶದೊಳಗಿನ, 500 ಚದರ ಮೀಟರಿಗೆ, ಅಂದರೆ ಸುಮಾರು ಐದು ಗುಂಟೆಗೆ, ಮೀರಿದ ಬಡಾವಣೆಗಳಿಗೆ ಎಂಬುದು ನೆನಪಾಗಿ, ಹಳ್ಳಿಯ ಮಟ್ಟಿಗೆ ಅವರು ತಪ್ಪು ದಾರಿಯಿಂದಲೇ ಸರಿಯಾದ ಊರು ಸೇರಿರಬಹುದೆಂದು ಒಪ್ಪಬೇಕಾಗುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಕಾಕತಾಳೀಯವೆಂದು ಹೆಸರು.

ಅರ್ಥಾಪತ್ತಿಯನ್ನು ಬಿಟ್ಟು ಅನುಪಲಬ್ಧಿಗೆ ಬರೋಣ, ಏಕೆಂದರೆ ಶಾಖೆಯ ಕೀರ್ತಿಯೆಲ್ಲ ಇಲ್ಲಿಯೇ ನೆಲೆಸಿದೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದೇ ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ; ಹೊಲದ ಮೇಲೆ ಅಕ್ಕತಂಗಿಯರು ಕಾಣದಿದ್ದರೆ ಅವರ ಪಾಲಿಲ್ಲ. “ಹೆಣ್ಣಮಕ್ಕಳನ್ನ ಕೊಟ್ಟು ಮೂವತ್ತು ವರ್ಷ ಆತ್ರಿ, ಒಂದಿನಾ ಬಂದು ಕೇಳಿಲ್ಲ.” ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಮಗಳನ್ನು ಸಮಾನ ಪಾಲುದಾರಳೆಂದು ಸಾರಿದರೂ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು, ನಮ್ಮ ವಿದ್ವಾಂಸರ ಪಾಠ ಆ ಪುಟದಲ್ಲಿಯೇ ನಿಂತಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದವನ್ನು ಅಳಿಸಿದ್ದೂ, ಅಂದು ತಂದೆ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಎಂದು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದೂ ಅವರ ಪ್ರತಿಗಳಲ್ಲಿ ಲುಪ್ತ. ಅಲ್ಲದೆ, ಕೇಳದೆ ಇದ್ದ ಅಕ್ಕ ಖರೀದಿಯ ಸುದ್ದಿ ತನ್ನನ್ನು ಕೊಟ್ಟ ಗುಡಗೇರಿಯವರೆಗೆ ಮುಟ್ಟಿದ ಮರುವಾರವೇ ವಕೀಲರೊಡನೆ ‘ಉಪಲಬ್ಧ’ಳಾಗುವಳೆಂಬುದು ಭಾಟ್ಟರಿಗೂ ಹೊಳೆಯದ ಸೂಕ್ಷ್ಮ.

ಇಲ್ಲಿ ಪೂರ್ವಪಕ್ಷ: ಏಜೆಂಟನು ವಕೀಲನಲ್ಲ, ವಕೀಲಿಗೆ 1961ರ ಕಾಯ್ದೆಯಂತೆ ಸನದು ಬೇಕು, ಆದ್ದರಿಂದ ಅವನ ಅಜ್ಞಾನ ದೋಷವಲ್ಲ. ಇದು ಸಾಧುವಲ್ಲ, ಏಕೆಂದರೆ ಅದು ಅಜ್ಞಾನವೇ ಅಲ್ಲ. ಪ್ರತಿಯೊಂದು ಕಾಯ್ದೆಯನ್ನೂ, ಅದು ವ್ಯವಹಾರವನ್ನು ತಡೆಯುವ ಸ್ಥಳದ ಒಂದು ಮೊಳ ಈಚೆಯವರೆಗೆ, ಅವರು ನಿಖರವಾಗಿ ಬಲ್ಲರು. ಅಷ್ಟು ಕರಾರುವಾಕ್ಕಾಗಿ ನಿಲ್ಲಬೇಕಾದರೆ ಆಚೆಯದೂ ಗೊತ್ತಿರಲೇಬೇಕು. ಈ ಎಲ್ಲೆಯನ್ನು, ಸಂಚಕಾರವೆಂಬ ಮುಂಗಡ ಕೈಸೇರುವವರೆಗಷ್ಟೇ ಸಾಗುವುದರಿಂದ, ‘ಸಂಚಕಾರಾವಧಿ ವಿದ್ಯಾ’ ಎಂದು ನಾನೇ ಸೂತ್ರೀಕರಿಸಿದ್ದೇನೆ. ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸದೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಪ್ರಕರಣ ಹೇಳಿದರೂ, ಏಜೆಂಟರ ಅರ್ಧ ಕಮಿಷನ್ನನ್ನು ಅದು ಹುಟ್ಟಿಸಿಯೇ ತೀರುವುದು. ಗಿರಾಕಿಯೂ ನಿರ್ದೋಷಿಯಲ್ಲ; ಹೆಬ್ಬೆರಳನ್ನು ಎತ್ತಿರೆಂದರೆ ದರ ಏರೀತೆಂದು ಅವನೂ ಸುಮ್ಮನಿರುತ್ತಾನೆ.

ಕಡೆಯದಾಗಿ ಗ್ರಂಥಕರ್ತೃತ್ವದ ಪ್ರಶ್ನೆ. ಸವಣೂರಿನ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿತವಾಗುವ ಖರೀದಿಪತ್ರದಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು, ಬಾಂಡ್ ರೈಟರು, ಚತುಸ್ಸೀಮೆಯ ಹೊಲದವರು ಎಲ್ಲರ ಹೆಸರೂ ಇದ್ದು, ಇವರನ್ನೆಲ್ಲ ಒಂದೆಡೆ ಕೂಡಿಸಿದ ಏಜೆಂಟರ ಹೆಸರು ಎಲ್ಲಿಯೂ ಸಿಗದ ಕಾರಣ, ಈ ಕೃತಿಯನ್ನು ವೇದದಂತೆ ಅಪೌರುಷೇಯವೆಂದೇ ಭಾವಿಸತಕ್ಕದ್ದು. ಸಾಕ್ಷಿ ಹಾಕಿರೆಂದು ಕೇಳಿಕೊಂಡಾಗ, ಬೆಳಿಗ್ಗೆ ಬರಿಗಣ್ಣಿನಿಂದ 9ನೆಯ ಕಾಲಮ್ಮನ್ನು ಗಟ್ಟಿಯಾಗಿ ಓದಿದ್ದ ಆ ಮಹನೀಯರು ಹೇಳಿದ್ದಿಷ್ಟು: “ಚಾಳೀಸ ಮನ್ಯಾಗ ಬಿಟ್ಟ ಬಂದೇನ್ರಿ ಅಣ್ಣಾರ.”