ಎಡಕ್ಕೆ ಹೋಗಲು ಬಲಕ್ಕೆ ತಿರುಗಿಸಿ

ಹೆಚ್ಚುಕಮ್ಮಿ 900 ಅಶ್ವಶಕ್ತಿಯ ಇಂಜಿನ್, ಆದರೆ ತಾನಾಗಿ ಸ್ಟಾರ್ಟ್ ಆಗುವ ಯೋಗ್ಯತೆಯಿಲ್ಲ! ಅಮೆರಿಕದ ‘ಸ್ಪ್ರಿಂಟ್’ ರೇಸ್ ಕಾರಿಗೆ ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ. ಕೆಟ್ಟು ನಿಂತ ಹಳೇ ಬಸ್ಸಿನಂತೆ ಹಿಂದಿನಿಂದ ನೂಕಿಸಿಕೊಂಡೇ ಹೊರಡಬೇಕು. ಹೊರಟ ಮೇಲೆ ಮಾತ್ರ ಹಿಡಿಯುವವರಿಲ್ಲ. ಎಡ ತಿರುವಿನಲ್ಲಿ ಸ್ಟೀರಿಂಗ್ ಬಲಕ್ಕೆ, ಕಾರು ಅಡ್ಡಡ್ಡ!

ಈ ಹುಚ್ಚಿನ ಕಾಶಿ ಅಯೋವಾದ ನಾಕ್ಸ್‌ವಿಲ್. 1961ರಿಂದ ಅಲ್ಲಿ ‘ನ್ಯಾಷನಲ್ಸ್’ ಜಾತ್ರೆ. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು. ಹೆಲ್ಮೆಟ್ಟಿನ ಗಾಜಿಗೆ ಕೆಸರು ಮೆತ್ತಿದರೆ ಚಾಲಕ ಮೇಲಿನ ಪ್ಲಾಸ್ಟಿಕ್ ಪದರವನ್ನು ಸರಕ್ಕನೆ ಕಿತ್ತೆಸೆಯುತ್ತಾನೆ. ತಿರುವಿನ ಬಳಿ ಕೂತ ಅಭಿಮಾನಿಗೆ ಆ ಭಾಗ್ಯವೂ ಇಲ್ಲ. ಬಿಯರಿನೊಂದಿಗೆ ಮಣ್ಣೂ ಹೊಟ್ಟೆಗೆ.

ಸ್ಟೀವ್ ಕಿನ್ಸರ್ ಅಲ್ಲಿ 12 ಸಲ ಗೆದ್ದವರು, ಡಾನಿ ಶಾಟ್ಜ್ 11. ಇವರಲ್ಲಿ ಯಾರು ಹೆಚ್ಚು ಅನ್ನುವ ಜಗಳ ರಾತ್ರಿಯೆಲ್ಲ ನಡೆದೀತು. ಅದು ಮುಗಿದರೆ ಕಾರಿನ ನೆತ್ತಿಯ ಮೇಲಿನ ತಗಡಿನ ರೆಕ್ಕೆಯ ತಕರಾರು. ರೆಕ್ಕೆಯಿದ್ದರೆ ವೇಗ ಅಂತ ಒಂದು ಪಕ್ಷ, ಇಲ್ಲದಿದ್ದರೇ ಗಂಡೆದೆ ಅಂತ ಇನ್ನೊಂದು. ನನ್ನ ಓಟು ರೆಕ್ಕೆಗೇ. ಕಾರು ಪಲ್ಟಿ ಹೊಡೆದಾಗ ಯಜಮಾನನಿಗಿಂತ ಮೊದಲು ಚಪ್ಪಟೆಯಾಗುವಷ್ಟು ನಿಯತ್ತು ಬೇರೆ ಯಾವ ತಗಡಿಗಿದೆ ಸ್ವಾಮಿ?