ಮಂಚದಡಿಯ ಮರಿಯೂ ಮನೆಯವರ ಸೋಮಾರಿತನವೂ

ಬೀದಿಯಿಂದ ತಂದ ಬೆಕ್ಕಿನ ಮರಿ ಮಂಚದಡಿ ಸೇರಿಕೊಂಡರೆ ಮನೆಮಂದಿಯೆಲ್ಲ ಬಗ್ಗಿ ‘ಬಾ ಪುಟ್ಟಾ’ ಎನ್ನುತ್ತಾರೆ. ಅದಕ್ಕೆ ಕಾಣುವುದು ರಾಕ್ಷಸರ ಸಾಲು. ಅದರ ನಂಬಿಕೆ ಗಳಿಸಲು ಮುದ್ದಿಗಿಂತ ಸೋಮಾರಿತನ ಮೇಲು. ನೆಲದ ಮೇಲೆ ಸುಮ್ಮನೆ ಕೂತು, ದಿಟ್ಟಿಸದೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಬೇಕು. ಇದು ಅಡಗೂಲಜ್ಜಿ ಕತೆಯಲ್ಲ: ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಕಣ್ಣು ಮಿಟುಕಿಸಿದ ಅಪರಿಚಿತರ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು. ‘ಹಾಲಿಟ್ಟರೆ ಸಾಲದೇ?’ ಎನ್ನುವವರುಂಟು. ತೆನಾಲಿ ರಾಮನ ಬೆಕ್ಕು ಒಮ್ಮೆ ಬಾಯಿ ಸುಟ್ಟುಕೊಂಡ ಮೇಲೆ ಹಾಲು ಕಂಡರೇ ಓಡುತ್ತಿತ್ತು. ಹೆದರಿಕೆಗೆ ಒಂದೇ ಪಾಠ ಸಾಕು. ಮೇಲಾಗಿ ಹಸುವಿನ ಹಾಲು ಎಷ್ಟೋ ಬೆಕ್ಕುಗಳಿಗೆ ಭೇದಿ ತರಿಸುತ್ತದೆ. ‘ಹಾಗಾದರೆ ಕೈಕಟ್ಟಿ ಕೂರಬೇಕೇ?’ ಹೌದು, ಹೊತ್ತಿಗೆ ಸರಿಯಾಗಿ ಊಟವಿಟ್ಟು! 2ರಿಂದ 7 ವಾರದ ಮರಿ ಬೇಗ ಒಗ್ಗುತ್ತದೆ, ದೊಡ್ಡದಾದರೆ ತಡ. ಅಲ್ಲಿಯವರೆಗೆ ಪಕ್ಕದಲ್ಲಿ ಪೇಪರ್ ಓದುತ್ತಿರಿ. ಕಾಲು ಹಿಡಿದು ಮಾತ್ರ ಎಳೆಯಬೇಡಿ.